ತುಳಿದು ನಡೆಸುವ ದೋಣಿ

1975ನೆಯ ಇಸವಿ. ಬಿಹಾರದ ಪೂರ್ವ ಚಂಪಾರಣ್ ಜಿಲ್ಲೆಯಲ್ಲಿ ನೆರೆ ಉಕ್ಕಿ ಬಂದಿದ್ದಿತು. ಮಹಮ್ಮದ್ ಸೈದುಲ್ಲಾ ಎಂಬಾತನು ನೀರನ್ನು ದಾಟಬೇಕಾಗಿತ್ತು. ದಾಟಿಸಲು ದೋಣಿಯೇನೋ ಇದ್ದಿತು. ಆದರೆ ಅಂಬಿಗನ ಕೈಗೆ ಹಾಕಲು ಆತನಲ್ಲಿ ಕಾಸಿರಲಿಲ್ಲ. ಅವನ ಬಳಿ ಇದ್ದುದು ಒಂದು ಸೈಕಲ್ ಮಾತ್ರ. ನೆಲದ ಮೇಲೆ ಹೊತ್ತೊಯ್ಯುವ ಈ ವಾಹನವು ನೀರಿನ ಮೇಲೆ ಏಕೆ ಹೊತ್ತೊಯ್ಯಬಾರದು ಎಂಬ ಯೋಚನೆ ಅವನಿಗೆ ಹೊಳೆಯಿತು. ಮೂರೇ ದಿನಗಳಲ್ಲಿ ಅವನು ಅದನ್ನು ಮಾಡಿ ಮುಗಿಸಿದನಂತೆ.

ಅವನು ಮಾಡಿದ್ದು ಇಷ್ಟು. ಸೈಕಲ್ಲಿನ ಮುಂದೆ ಎರಡು, ಹಿಂದೆ ಎರಡು, ಗಾಳಿ ತುಂಬಿದ ಆಯಾಕಾರದ ಪೆಟ್ಟಿಗೆಗಳನ್ನು ಜೋಡಿಸಿದನು. ರಸ್ತೆಗೆ ಬಂದಾಗ ಅವುಗಳನ್ನು ಮೇಲಕ್ಕೆ ಮಡಚಿಕೊಳ್ಳಬಹುದು. ಹಿಂದಿನ ಚಕ್ರದ ಕಡ್ಡಿಗಳಿಗೆ ರೆಕ್ಕೆಗಳನ್ನು ಕಟ್ಟಿದನು. ಪೆಡಲು ತುಳಿದರೆ ಚಕ್ರ ತಿರುಗುವುದು, ಚಕ್ರದೊಡನೆ ರೆಕ್ಕೆಗಳು ತಿರುಗಿ ನೀರನ್ನು ಹಿಂದಕ್ಕೆ ತಳ್ಳುವುವು. ಮುಂದೆ ಆತನು ಪಾಟ್ನಾದಲ್ಲಿ ಗಂಗಾನದಿಯನ್ನೇ ಈ ಸೈಕಲ್ಲಿನ ಮೇಲೆ ದಾಟಿ ತೋರಿಸಿದನು. 2005ರಲ್ಲಿ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನವು ಅವನನ್ನು ಗೌರವಿಸಿತು. ಆ ಮೂವತ್ತು ವರ್ಷಗಳ ನಡುವೆ ಅವನು ಹೊಸ ಹೊಸ ಯಂತ್ರಗಳ ಹುಚ್ಚಿನಲ್ಲಿ ಜಮೀನನ್ನು ಕಳೆದುಕೊಂಡಿದ್ದನು. ಜೇನುತುಪ್ಪ ಮಾರಿ ಜೀವನ ಸಾಗಿಸುತ್ತಿದ್ದನು. ತಾನು ಮಾಡಿದ ಯಂತ್ರಗಳಿಗೆ ಅವನು ಇಡುತ್ತಿದ್ದುದು ಮಡದಿ ನೂರ್‌ಜಹಾನಳ ಹೆಸರನ್ನು. ಆ ಸಾಧ್ವಿಯು ಈ ಗೌರವಕ್ಕೆ ತೆತ್ತ ಬೆಲೆಯೆಷ್ಟು ಎಂಬುದನ್ನು ಗೃಹಿಣಿಯರೇ ಊಹಿಸಬಲ್ಲರು.

ಮನೆಯಲ್ಲೇ ಒಂದು ಸಣ್ಣ ದೋಣಿಗೆ ಪೆಡಲು ಕೂಡಿಸಿ ನಡೆಸಬೇಕೆಂಬ ಆಸೆ ಇಂದು ಲೋಕದ ನಾನಾ ಕಡೆಗಳಲ್ಲಿ ಅನೇಕರನ್ನು ಹಿಡಿದಿದೆ. ಇದರಲ್ಲಿ ತರ್ಕವಿಲ್ಲದೆ ಇಲ್ಲ. ಹುಟ್ಟು ಹಾಕುವವನು ತೋಳು, ಬೆನ್ನುಗಳನ್ನು ದಣಿಸುತ್ತಾನೆ. ದೇಹದ ಅತಿ ದೊಡ್ಡ ಸ್ನಾಯುಗಳಿರುವುದಾದರೋ ತೊಡೆಯಲ್ಲಿ. ಅಲ್ಲದೆ ಹುಟ್ಟು ಪ್ರತಿಯೊಂದು ಎಳೆತಕ್ಕೂ ನೀರಿನಿಂದ ಮೇಲೆದ್ದು ಬರಬೇಕು. ಅಷ್ಟು ಹೊತ್ತು ದೋಣಿಗೆ ಒತ್ತಾಸೆಯಿಲ್ಲ. ಪೆಡಲಿನಿಂದ ತಿರುಗುವ ಪ್ರೊಪೆಲ್ಲರಿಗೆ ಇಂಥ ವಿರಾಮವಿಲ್ಲ.

ಆದರೂ ಮನುಷ್ಯನ ಬಲ ಎಷ್ಟರದು? ಸಾಧಾರಣ ಆರೋಗ್ಯವಂತನು ಗಂಟೆಗಟ್ಟಲೆ ತುಳಿಯಬಲ್ಲದ್ದು 75ರಿಂದ 100 ವಾಟ್, ಅಂದರೆ ಒಂದು ಅಶ್ವಶಕ್ತಿಯ ಏಳನೆಯ ಒಂದು ಪಾಲೂ ತುಂಬದು. ನೀರೋ ಬಲು ಜಿಪುಣ. ವೇಗವನ್ನು ಇಮ್ಮಡಿಸಬೇಕಾದರೆ ಸುಮಾರು ಎಂಟು ಪಟ್ಟು ಶಕ್ತಿಯನ್ನು ಕೇಳುತ್ತದೆ. ಅದಲ್ಲದೆ ದೋಣಿಯು ತಾನೇ ಎಬ್ಬಿಸಿದ ಅಲೆಯ ಹೊಂಡದಲ್ಲಿ ತಾನೇ ಸಿಕ್ಕಿಕೊಳ್ಳುತ್ತದೆ. 16 ಅಡಿಯ ದೋಣಿಗೆ ಈ ಮಿತಿ ಗಂಟೆಗೆ ಸುಮಾರು 10 ಕಿಲೋಮೀಟರ್. ತೀರ ಸಪೂರವಾದ ದೋಣಿಗಳು ಮಾತ್ರ ಅದನ್ನು ಸುಲಭವಾಗಿ ಮೀರಬಲ್ಲವು. ಆದುದರಿಂದಲೇ ಉದ್ದವಾದ, ಕಿರಿದಾದ ದೋಣಿಯನ್ನು ಆರಿಸಬೇಕೆನ್ನುವುದು. ಕಿರಿದಾದಷ್ಟೂ ಅದು ಮಗುಚುವ ಭಯ ಹೆಚ್ಚು. ಅದಕ್ಕಾಗಿ ಸೈಕಲ್ಲಿನಂತೆ ಎತ್ತರದಲ್ಲಿ ಕೂರದೆ, ಆರಾಮಕುರ್ಚಿಯಲ್ಲಿ ಒರಗಿದವನಂತೆ ತಳದಲ್ಲೇ ಕುಳಿತು ಕಾಲನ್ನು ಮುಂದಕ್ಕೆ ಚಾಚಿ ತುಳಿಯುತ್ತಾರೆ.

ಕೆರೆಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ತುಳಿಯುವ ಹಂಸದೋಣಿಗಳನ್ನು ವಾಚಕರು ನೋಡಿಯೇ ಇರುತ್ತಾರೆ. ಅಪ್ಪಂದಿರು ಬೆವರಿಳಿಸಿಕೊಂಡರೂ ಹಂಸ ಕದಲುವುದು ಆಮೆಯಂತೆ. ಅವುಗಳಲ್ಲಿ ಹಲವಕ್ಕೆ ಇರುವುದು ಹಲಗೆಗಳ ಚಕ್ರ. ಹಲಗೆ ನೀರಿಗಿಳಿಯುವಾಗ ನೀರನ್ನು ಕೆಳಕ್ಕೆ ಗುದ್ದುತ್ತದೆ, ಏಳುವಾಗ ಮೇಲಕ್ಕೆ ಮೊಗೆಯುತ್ತದೆ. ಹಿಂದಕ್ಕೆ ತಳ್ಳುವುದು ನಡುವಿನ ಸ್ವಲ್ಪ ಹೊತ್ತು ಮಾತ್ರ. ಒಳ್ಳೆಯ ಪ್ರೊಪೆಲ್ಲರಾದರೆ ಕೊಟ್ಟ ಶಕ್ತಿಯ 100ಕ್ಕೆ 80 ಪಾಲನ್ನಾದರೂ ಹಿಂದಿರುಗಿಸುತ್ತದೆ. ಅದು ದೊಡ್ಡದಾಗಿದ್ದು, ಮೆಲ್ಲಗೆ ತಿರುಗಬೇಕು, ರೆಕ್ಕೆಗಳು ಕತ್ತಿಯಂತೆ ಸಣ್ಣಗಿರಬೇಕು. ಮೋಟಾರು ದೋಣಿಯ ಗಿಡ್ಡ ರೆಕ್ಕೆ ಇಲ್ಲಿ ಕೆಲಸಕ್ಕೆ ಬಾರದು. ಒಂದು ಸುತ್ತಿಗೆ 45 ಸೆಂಟಿಮೀಟರು ಮುಂದೊತ್ತುವ ರೆಕ್ಕೆ ಎಂದಿಟ್ಟುಕೊಳ್ಳಿ. ಕಾಲು ನಿಮಿಷಕ್ಕೆ 60 ಸುತ್ತು ತುಳಿದರೆ ರೆಕ್ಕೆ 240 ಸುತ್ತು ತಿರುಗುವಂತೆ ಹಲ್ಲುಚಕ್ರಗಳನ್ನು ಜೋಡಿಸಬೇಕು. ಆಗ, ಜಾರಿಹೋಗುವ ಭಾಗವನ್ನು ಕಳೆದು, ಗಂಟೆಗೆ ಸುಮಾರು 6 ಕಿಲೋಮೀಟರು ಸಾಗಬಹುದು. ಇದು ಚುರುಕಾಗಿ ನಡೆಯುವವನ ವೇಗ.

ನಿಜವಾದ ತೊಡಕು ಬೇರೆಡೆ ಇದೆ. ಪೆಡಲಿನ ಅಚ್ಚು ದೋಣಿಗೆ ಅಡ್ಡವಾಗಿರುತ್ತದೆ, ಪ್ರೊಪೆಲ್ಲರಿನದು ಉದ್ದಕ್ಕೆ. ತಿರುಗುವಿಕೆಯನ್ನು ಲಂಬವಾಗಿ ಮೊಗ್ಗಲು ಬದಲಿಸುವುದೆಂತು? ಕೆಲವರು ಓರೆಹಲ್ಲಿನ ಚಕ್ರಗಳನ್ನು ಕೂಡಿಸುತ್ತಾರೆ. ಕೆಲವರು ಸೈಕಲ್ ಚೈನನ್ನೇ ಕಾಲು ಸುತ್ತು ತಿರುಚಿ ಓಡಿಸುತ್ತಾರೆ. ಉದ್ದ ಸಾಲದಿದ್ದರೆ ಅದು ಹಲ್ಲಿನಿಂದ ಕಳಚಿ ಬೀಳುತ್ತದೆ, ಅದೂ ನಡುನೀರಿನಲ್ಲಿಯೇ. ಇನ್ನು ಕೆಲವರು ದೋಣಿಯ ತಳಕ್ಕೆ ತೂತು ಕೊರೆಯುವ ಗೊಡವೆಯೇ ಬೇಡವೆಂದು, ಬಾಗಬಲ್ಲ ಸ್ಪ್ರಿಂಗ್ ಉಕ್ಕಿನ ತೆಳು ಸರಳೊಂದನ್ನು ಪಕ್ಕದಿಂದ ನೀರಿಗೆ ಇಳಿಬಿಟ್ಟು, ಅದರ ತುದಿಗೆ ರೆಕ್ಕೆ ಸಿಕ್ಕಿಸುತ್ತಾರೆ. ಜೊಂಡು ಸುತ್ತಿಕೊಂಡರೆ ಅಥವಾ ತಳ ಕಲ್ಲಿಗೆ ತಾಗಿದರೆ ಸರಳನ್ನೇ ಎತ್ತಿಬಿಡಬಹುದು. ಈ ಕೊನೆಯ ಉಪಾಯವೇ ನನಗೆ ಮೆಚ್ಚಿಗೆಯಾದುದು. ನಮ್ಮ ಕೆರೆಗಳ ಅಂತರಗಂಗೆಯನ್ನು ನೋಡಿದವರಾರೂ ತಳದಲ್ಲಿ ಭದ್ರವಾಗಿ ಬಿಗಿದ ಪ್ರೊಪೆಲ್ಲರನ್ನು ನಂಬಲಾರರು.

ವೇಗದ ಹಂಬಲವುಳ್ಳವರು ಮತ್ತೂ ಮುಂದೆ ಹೋದರು. ಅಮೆರಿಕದ ಮೆಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯವರು ಕಟ್ಟಿದ ‘ಡೆಕಾವಿಟೇಟರ್’ ದೋಣಿಯ ಒಡಲು ವೇಗವೇರಿದೊಡನೆ ನೀರಿನೊಳಗಿನ ಸಣ್ಣ ರೆಕ್ಕೆಗಳ ಮೇಲೆ ನಿಂತು ಮೇಲಕ್ಕೇಳುತ್ತಿದ್ದಿತು. ಅದನ್ನು ತಳ್ಳುತ್ತಿದ್ದುದು ಗಾಳಿಯಲ್ಲಿ ತಿರುಗುವ ಪ್ರೊಪೆಲ್ಲರ್. 1991ರ ಅಕ್ಟೋಬರಿನಲ್ಲಿ ಮಾರ್ಕ್ ಡ್ರೇಲಾ ಎಂಬ ವಿಜ್ಞಾನಿ ಬಾಸ್ಟನ್ನಿನ ಚಾರ್ಲ್ಸ್ ನದಿಯಲ್ಲಿ 100 ಮೀಟರು ದೂರವನ್ನು 18.5 ನಾಟ್, ಅಂದರೆ ಗಂಟೆಗೆ 34 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ತುಳಿದು ಮುಗಿಸಿದನು.

ವೇಗ ಬೇಡ, ದೂರ ಬೇಕು ಎಂದವರು ಇಂಗ್ಲೆಂಡಿನ ಸ್ಟೀವ್ ಸ್ಮಿತ್ ಮತ್ತು ಜೇಸನ್ ಲೂಯಿಸ್. ಮೋಟಾರಿನ ಹಂಗಿಲ್ಲದೆ, ಮೈಯ ಬಲದಿಂದಲೇ ಭೂಮಿಯನ್ನು ಸುತ್ತಬೇಕೆಂಬುದು ಅವರ ಹಟ. ಎಕ್ಸಿಟರಿನಲ್ಲಿ ಅವರಿಗಾಗಿ 26 ಅಡಿಯ ಮರದ ಪೆಡಲು ದೋಣಿಯೊಂದು ಸಿದ್ಧವಾಯಿತು. ಅದಕ್ಕೆ ಇಟ್ಟ ಹೆಸರು ‘ಮೋಕ್ಷ’! 1994ರಲ್ಲಿ ಪೋರ್ಚುಗಲ್ಲಿನ ಲಾಗೋಸಿನಿಂದ ಹೊರಟ ಮೋಕ್ಷವು 111 ದಿನಗಳಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಮಯಾಮಿಯನ್ನು ಸೇರಿತು. ಒಬ್ಬನು ಮಲಗಿದಾಗ ಇನ್ನೊಬ್ಬನು ತುಳಿಯಬೇಕು. ಅಷ್ಟು ದಿನ ಆ ಇಕ್ಕಟ್ಟಿನಲ್ಲಿ ಇಬ್ಬರು ಗೆಳೆಯರು ಗೆಳೆಯರಾಗಿಯೇ ಉಳಿಯುವುದು ಸಾಗರವನ್ನು ದಾಟಿದಷ್ಟೇ ಕಷ್ಟವಾಗಿರಬೇಕು.

ಅಮೆರಿಕದಲ್ಲಿ ಗಾಲಿಬೂಟುಗಳ ಮೇಲೆ ಸಾಗುತ್ತಿದ್ದಾಗ ಲೂಯಿಸನಿಗೆ ಕಾರೊಂದು ಬಡಿದು ಎರಡು ಕಾಲುಗಳೂ ಮುರಿದುವು. ತುಳಿಯುವುದೇ ಬಾಳಾಗಿದ್ದವನಿಗೆ ಕಾಲುಗಳೇ ಹೋದಂತಾಯಿತು. ಮುಂದಿನ ಒಂಬತ್ತು ತಿಂಗಳು ಮೂಳೆ ಕೂಡುವುದರಲ್ಲಿಯೇ ಕಳೆಯಿತು. ಅನಂತರ ಮತ್ತೆ ಹೊರಟರು. ಪೆಸಿಫಿಕ್ ಸಾಗರದ ನಡುವೆ ಹವಾಯಿಯವರೆಗೆ ಬಂದ ಸ್ಮಿತ್ 1999ರಲ್ಲಿ ಅಲ್ಲಿಯೇ ಬಿಟ್ಟುಕೊಟ್ಟನು. ಲೂಯಿಸ್ ಬಿಡಲಿಲ್ಲ. ಆಸ್ಟ್ರೇಲಿಯವನ್ನು ಹಾದು, ಏಷ್ಯವನ್ನು ದಾಟಿ, ಹಿಮಾಲಯವನ್ನು ನಡೆದು, ಸೈಕಲ್ಲಿನಲ್ಲಿ ಮುಂಬಯಿಗೆ ಬಂದನು. 2007ರಲ್ಲಿ ಮುಂಬಯಿಯಿಂದ ಮೋಕ್ಷವನ್ನು ಮತ್ತೆ ನೀರಿಗಿಳಿಸಿ, ನಮ್ಮ ಅರಬ್ಬೀ ಸಮುದ್ರವನ್ನು ತುಳಿದು ದಾಟಿ, ಆಫ್ರಿಕದ ಜಿಬೂಟಿಯನ್ನು ಸೇರಿದನು. ಅದೇ ವರ್ಷದ ಅಕ್ಟೋಬರ್ 6ರಂದು ಥೇಮ್ಸ್ ನದಿಯಲ್ಲಿ ಮೋಕ್ಷವನ್ನು ತುಳಿಯುತ್ತ ಬಂದು ಗ್ರೀನಿಚ್ಚನ್ನು ಮುಟ್ಟಿದನು. ಅಲ್ಲಿಂದ ಅವನು ಹೊರಟು ಹದಿಮೂರು ವರ್ಷಗಳಾಗಿದ್ದುವು.