ಮದ್ದಳೆಯ ಒಂದೇ ಪೆಟ್ಟು ಎರಡು ಸಲ ಕೇಳುವುದೇಕೆ?

ಅಶೋಕನ ಶಾಸನದಿಂದ ಹೆಸರಾದ ಸಿದ್ದಾಪುರ ಇರುವುದು ಮೊಳಕಾಲ್ಮೂರು ಸೀಮೆಯಲ್ಲಿ. ಅದು ಮೂಡಲಪಾಯ ಬಯಲಾಟದ ನೆಲವೂ ಹೌದು. ರಾತ್ರಿ ಶುರುವಾಗಿ ಬೆಳಗಿನವರೆಗೆ ನಡೆಯುವ ಆಟವನ್ನು ಈಗ ಫೋನಿನಿಂದಲೇ ಲೈವ್ ಬಿಡಬಹುದು. ದುಡಿಮೆಗೆಂದು ಬೆಂಗಳೂರು ಸೇರಿದವರು ಅಲ್ಲೇ ಕುಳಿತು ನೋಡಬಹುದು. ಆದರೆ ಇಂಥ ಲೈವ್‌ನಲ್ಲಿ ಭಾಗವತರ ತುಟಿಗೂ ಹಾಡಿಗೂ ತಾಳೆಯಾಗದಿರುವುದು, ಮದ್ದಳೆಯ ಒಂದೇ ಪೆಟ್ಟು ಎರಡೆರಡು ಸಲ ಕೇಳುವುದು ಸಾಮಾನ್ಯ. ಎಲ್ಲರೂ ಮೊದಲು ದೂರುವುದು ನೆಟ್‌ವರ್ಕನ್ನು. ಆ ದೂರು ಬಹುಪಾಲು ತಪ್ಪು. ಧ್ವನಿ ಹೊಂದಿಕೆ ಕೆಡುವುದು ಇಂಟರ್‌ನೆಟ್ ಮುಟ್ಟುವ ಮೊದಲೇ, ಆಟದ ಬಯಲಿನಲ್ಲೇ. ಸರಿಪಡಿಸಬೇಕಾದದ್ದೂ ಅಲ್ಲಿಯೇ.

ಲೈವ್ ತಂತ್ರಾಂಶವು ಚಿತ್ರ ಮತ್ತು ಧ್ವನಿಯ ಪ್ರತಿ ತುಣುಕಿಗೂ ಸಮಯದ ಗುರುತು ಹಾಕಿ ಒಂದೇ ಪ್ರವಾಹವಾಗಿ ಕಳಿಸುತ್ತದೆ. ನೆಟ್ ನಿಧಾನವಾದರೆ ಎರಡೂ ಒಟ್ಟಿಗೆ ತಡವಾಗುತ್ತವೆ. ನೋಡುಗರ ಫೋನು ಆ ಗುರುತುಗಳನ್ನು ಓದಿ ಜೋಡಿಸಿಕೊಳ್ಳುತ್ತದೆ. ಚಿತ್ರ ನಿಲ್ಲಬಹುದು, ಮಸುಕಾಗಬಹುದು, ಆದರೆ ಬೆರೆತುಹೋದ ಎರಡು ಮೈಕುಗಳ ಧ್ವನಿಯನ್ನು ನೆಟ್ ಬೇರ್ಪಡಿಸಲಾರದು. ಚಿತ್ರವನ್ನು ಒಂದು ಫೋನಿನಿಂದ, ಧ್ವನಿಯನ್ನು ಇನ್ನೊಂದರಿಂದ ಬೇರೆಬೇರೆಯಾಗಿ ಕಳಿಸಿ ದೂರದಲ್ಲೆಲ್ಲೋ ಕೂಡಿಸಿದರೆ ಮಾತ್ರ ನೆಟ್ಟಿನ ಏರುಪೇರು ನೇರವಾಗಿ ಬಾಧಿಸುತ್ತದೆ. ಅದಕ್ಕೇ ಎಲ್ಲ ಮೂಲಗಳನ್ನೂ ಬಯಲಿನಲ್ಲೇ ಒಂದೆಡೆ ಕೂಡಿಸಬೇಕು.

ಹಾಗಾದರೆ ತಪ್ಪು ಹುಟ್ಟುವುದೆಲ್ಲಿ? ಮೊದಲ ಕಾರಣ ಗಾಳಿ. ರಾತ್ರಿಯ ಹವೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಸಾಗುತ್ತದೆ. ಮದ್ದಳೆಯ ಪಕ್ಕದ ಮೈಕಿಗೆ ಪೆಟ್ಟು ಥಟ್ಟನೆ ಸಿಕ್ಕರೆ, 35 ಮೀಟರ್ ಹಿಂದೆ, ಜನರ ನಡುವೆ ಇಟ್ಟ ಮೈಕಿಗೆ ಅದೇ ಪೆಟ್ಟು ಸುಮಾರು 100 ಮಿಲಿಸೆಕೆಂಡ್ ತಡವಾಗಿ ಸಿಗುತ್ತದೆ. ಎರಡನ್ನೂ ಬೆರೆಸಿದರೆ ಪೆಟ್ಟು ಎರಡಾಗುತ್ತದೆ. ಸುಮಾರು 30 ಮಿಲಿಸೆಕೆಂಡ್ ಒಳಗಿನ ಅಂತರವಾದರೆ ಕಿವಿ ಎರಡನ್ನೂ ಒಂದೇ ಶಬ್ದವೆಂದು ಗ್ರಹಿಸುತ್ತದೆ. ಹೆಲ್ಮುಟ್ ಹಾಸ್ 1949ರಲ್ಲಿ ವಿವರಿಸಿದ ಈ ಗುಣ ಅವರ ಹೆಸರಿನಿಂದಲೇ ಪ್ರಸಿದ್ಧ. ಕುಣಿತದ ಬಿರುಸಿನಲ್ಲಿ ಮದ್ದಳೆ ಸೆಕೆಂಡಿಗೆ ಎಂಟು ಪೆಟ್ಟು ಹಾಕಿದರೆ ಒಂದಕ್ಕೂ ಮುಂದಿನದಕ್ಕೂ ನಡುವಿನ ಬಿಡುವು 125 ಮಿಲಿಸೆಕೆಂಡ್. 100 ಮಿಲಿಸೆಕೆಂಡ್ ತಡವಾದ ಪೆಟ್ಟು ಮುಂದಿನ ಪೆಟ್ಟಿಗೆ ಹೆಚ್ಚುಕಡಿಮೆ ತಗುಲಿಯೇ ಬೀಳುತ್ತದೆ. ವರ್ಷಗಟ್ಟಲೆ ಸಾಧನೆ ಮಾಡಿದ ಕಲಾವಿದರ ಲಯವನ್ನು ನಾವು ಹೀಗೆ ಹಾಳುಗೆಡವಿ ಲೋಕಕ್ಕೆ ಕಳಿಸುವುದು ಅನ್ಯಾಯ. ಗಾಳಿಯ ಜೊತೆಗೆ ಉಪಕರಣಗಳ ವಿಳಂಬವೂ ಇದೆ: ಬ್ಲೂಟೂತ್ ಮೈಕು ಅನೇಕ ಸಲ 100 ಮಿಲಿಸೆಕೆಂಡಿಗಿಂತ ಹೆಚ್ಚು ಹಿಂದೆ ಬೀಳುತ್ತದೆ, ಚಿತ್ರ ಸಂಸ್ಕರಿಸಲು ಕ್ಯಾಮೆರಾವೂ ಸಮಯ ತೆಗೆದುಕೊಳ್ಳುತ್ತದೆ.

ತಡವಾದದ್ದನ್ನು ಮುಂದಕ್ಕೆ ತಳ್ಳುವ ಯಂತ್ರವಿಲ್ಲ. ಆದ್ದರಿಂದ ಉಳಿದಿರುವ ದಾರಿ ಒಂದೇ: ಎಲ್ಲಕ್ಕಿಂತ ಹಿಂದುಳಿದದ್ದು ಬರುವವರೆಗೆ ಬೇಗ ಬಂದದ್ದನ್ನು ತಡೆಹಿಡಿಯುವುದು. ವಾದ್ಯದ ಮೈಕನ್ನು 100 ಮಿಲಿಸೆಕೆಂಡ್ ತಡಮಾಡಿದರೆ ಅದು ಜನರ ನಡುವಿನ ಮೈಕಿಗೆ ಸರಿಹೊಂದುತ್ತದೆ. ಚಿತ್ರವನ್ನೂ ಅದೇ ಲೆಕ್ಕಕ್ಕೆ ತರಬೇಕು. ಓಬಿಎಸ್‌ನಂಥ ಉಚಿತ ತಂತ್ರಾಂಶದಲ್ಲೂ ಪ್ರತಿ ಧ್ವನಿಗೆ ಪ್ರತ್ಯೇಕ ವಿಳಂಬ ಕೊಡುವ ಸೌಲಭ್ಯವಿದೆ. ಹೀಗೆ ತಡೆದರೆ ಲೈವ್ ಎಂಬುದಕ್ಕೆ ಅರ್ಥವೇನು ಎಂದು ಕೇಳಬಹುದು. ಲೈವ್ ಎನ್ನುವುದು ನೋಡುಗರನ್ನು ತಲುಪುವುದೇ ಹಲವು ಸೆಕೆಂಡುಗಳ ಬಳಿಕ. ಅದರ ಮೇಲೆ ಸೆಕೆಂಡಿನ ಹತ್ತನೇ ಒಂದು ಪಾಲು ಕೂಡಿದರೆ ಯಾರಿಗೂ ತಿಳಿಯದು. ಹೊಂದಿಕೆ ತಪ್ಪಿದ್ದು ಮಾತ್ರ ಎಲ್ಲರಿಗೂ ತಿಳಿಯುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ, ಧ್ವನಿ ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂಚೆ ಬಂದರೆ ನೋಡುಗರಿಗೆ ಗೊತ್ತಾಗತೊಡಗುತ್ತದೆ; ಹಿಂದೆ ಬಿದ್ದರೆ 125 ಮಿಲಿಸೆಕೆಂಡ್‌ವರೆಗೂ ಗೊತ್ತಾಗುವುದಿಲ್ಲ. ಪ್ರಕೃತಿಯಲ್ಲಿ ಮಿಂಚು ಮೊದಲು, ಗುಡುಗು ಆಮೇಲೆ ತಾನೇ.

ಶುರುವಿನಲ್ಲಿ ಒಮ್ಮೆ ಹೊಂದಿಸಿದರೆ ಮುಗಿಯಿತೇ? ಇಲ್ಲ, ಇಡೀ ರಾತ್ರಿಯ ಆಟಕ್ಕೆ ಇದೇ ದೊಡ್ಡ ತೊಡಕು. ಪ್ರತಿ ಡಿಜಿಟಲ್ ಉಪಕರಣದಲ್ಲೂ ಒಂದು ಸ್ಫಟಿಕದ ಗಡಿಯಾರವಿದೆ. ಅದು ಸೆಕೆಂಡಿಗೆ 48,000 ಸಲ ಧ್ವನಿಯ ಮಾದರಿ ತೆಗೆಯಬೇಕು. ಎರಡು ಸ್ಫಟಿಕಗಳು ಎಂದೂ ಕರಾರುವಾಕ್ಕಾಗಿ ಒಂದೇ ಆಗಿರುವುದಿಲ್ಲ. ಒಂದು ಉಪಕರಣ ಸೆಕೆಂಡಿಗೆ ಒಂದೇ ಒಂದು ಮಾದರಿ ಹೆಚ್ಚು ತೆಗೆದರೂ ಗಂಟೆಗೆ 75 ಮಿಲಿಸೆಕೆಂಡ್, ಎಂಟು ಗಂಟೆಗೆ 600 ಮಿಲಿಸೆಕೆಂಡ್ ಅಂತರ ಬೀಳುತ್ತದೆ. ಕೆಲವು ತಂತ್ರಾಂಶಗಳು ಧ್ವನಿಯನ್ನು ಕೊಂಚ ಹಿಗ್ಗಿಸಿ, ಕುಗ್ಗಿಸಿ ಇದನ್ನು ಸರಿದೂಗಿಸುತ್ತವೆ. ಆದರೆ ಬೇರಿನಲ್ಲೇ ತಪ್ಪು ತಡೆಯಲು ಎಲ್ಲ ಮೈಕುಗಳೂ ಒಂದೇ ಮಿಕ್ಸರಿನ ಒಂದೇ ಗಡಿಯಾರಕ್ಕೆ ಒಳಪಡಬೇಕು.

ಒಂದೇ ಕಾಲಮಾನದ ಬೆಲೆ ಏನೆಂಬುದಕ್ಕೆ ನೆರೆಯ ಚಳ್ಳಕೆರೆಯೇ ಸಾಕ್ಷಿ. ಅಲ್ಲಿನ ವೈಮಾನಿಕ ಪರೀಕ್ಷಾ ವಲಯದಲ್ಲಿ 2024ರ ಜೂನ್ 23ರಂದು ಇಸ್ರೋದ ಮರುಬಳಕೆಯ ಉಡಾವಣಾ ವಾಹನ ‘ಪುಷ್ಪಕ್’ 4.5 ಕಿ.ಮೀ. ಎತ್ತರದಲ್ಲಿ ಹೆಲಿಕಾಪ್ಟರಿನಿಂದ ಬಿಡಿಸಿಕೊಂಡು, ತಾನಾಗಿಯೇ ದಾರಿ ಹಿಡಿದು ರನ್‌ವೇಯಲ್ಲಿ ಇಳಿಯಿತು. ಅದು ರೇಡಾರ್ ಎತ್ತರಮಾಪಕ, ಜಡತ್ವ ಸಂವೇದಕ, ನಾವಿಕ್ ಉಪಗ್ರಹಗಳಂಥ ಹಲವು ಮೂಲಗಳ ಮಾಹಿತಿಯನ್ನು ಕೂಡಿಸಿ ನೋಡುತ್ತಿತ್ತು. ಉಪಗ್ರಹದ ಗಡಿಯಾರ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೂ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ. ಬಯಲಾಟಕ್ಕೆ ಅಷ್ಟು ನಿಖರತೆ ಬೇಕಿಲ್ಲ, ತತ್ವ ಮಾತ್ರ ಅದೇ.

ಇಷ್ಟೆಲ್ಲ ಯಾಕೆ, ಒಂದೇ ಫೋನು ಸಾಲದೇ ಎಂಬ ವಾದದಲ್ಲಿ ಹುರುಳಿದೆ. ಒಂದೇ ಮೈಕಿದ್ದರೆ ಮೈಕುಗಳ ನಡುವಿನ ಜಗಳವೇ ಇಲ್ಲ. ಆದರೆ ದೂರದ ಫೋನಿಗೆ ಮಾತಿಗಿಂತ ಗದ್ದಲವೇ ಹೆಚ್ಚು ಸಿಗುತ್ತದೆ. ಬಯಲಿನ ನಾಲ್ಕು ಕಡೆಯ ಸ್ಪೀಕರುಗಳ ಶಬ್ದವೂ ಬೇರೆಬೇರೆ ಹೊತ್ತಿಗೆ ಬಂದು ಸೇರುತ್ತದೆ. ಅದಕ್ಕಿಂತ ಮೈಕ್ ಸೆಟ್ಟಿನ ಮಿಕ್ಸರಿನಿಂದ ತಂತಿ ಎಳೆದು ಅದನ್ನೇ ಮುಖ್ಯ ಧ್ವನಿಯಾಗಿಸುವುದು, ಜನರ ಮೈಕನ್ನು ತಗ್ಗಿಸಿ ಇಡುವುದು ಮೇಲು. ಶುರುವಿಗೆ ಮುನ್ನ ಕ್ಯಾಮೆರಾದೆದುರು ತಾಳದ ಒಂದು ಪೆಟ್ಟು ಹಾಕಿಸಿ ಅಳೆದುಕೊಳ್ಳಬೇಕು. ನಡುರಾತ್ರಿ ವೇಷ ಬದಲಾಗುವ ಬಿಡುವಿನಲ್ಲಿ ಇನ್ನೊಮ್ಮೆ ಅಳೆದರೆ ಗಡಿಯಾರಗಳು ಎಷ್ಟು ಸರಿದಿವೆಯೆಂದು ತಿಳಿಯುತ್ತದೆ, ಅಷ್ಟು ಮಿಲಿಸೆಕೆಂಡನ್ನು ಅಲ್ಲೇ ತಿದ್ದಿಕೊಳ್ಳಬಹುದು.