ರಾತ್ರಿಯೂಟವನ್ನು ಹಗಲಲ್ಲೇ ಗೊತ್ತು ಮಾಡಿ

ಚಿತ್ರದುರ್ಗದಿಂದ ಹೊಳಲ್ಕೆರೆ, ಅಲ್ಲಿಂದ ಹೊಸದುರ್ಗ, ಹಿರಿಯೂರು, ಮತ್ತೆ ಚಿತ್ರದುರ್ಗ. ಸೈಕಲ್ ಪ್ರವಾಸಕ್ಕೆ ಇಷ್ಟು ಹದವಾದ ಸುತ್ತು ಬಯಲುಸೀಮೆಯಲ್ಲಿ ಅಪರೂಪ. ಒಂದೂರಿನಿಂದ ಇನ್ನೊಂದೂರು 30ರಿಂದ 60 ಕಿ.ಮೀ. ಒಳಗೇ ಇದೆ, ನಿಧಾನವಾಗಿ ತುಳಿದರೂ ಹೊತ್ತು ಮುಳುಗುವ ಮುಂಚೆ ಸೇರಬಹುದು. ಆದರೂ ಇಲ್ಲಿ ತಂಗುವ ಸವಾರರು ರಾತ್ರಿ ಗೋಬಿ ಮಂಚೂರಿಯನ್ನೋ ಫ್ರೈಡ್ ರೈಸನ್ನೋ ತಿಂದು ಮಲಗುವುದುಂಟು. ಮುದ್ದೆ, ಹುರುಳಿಕಾಳಿನ ಸಾರು, ಜೋಳದ ರೊಟ್ಟಿಯ ಸೀಮೆಗೆ ಬಂದು ಹೀಗೆ ಉಣ್ಣುವುದು ನಿಜಕ್ಕೂ ನಷ್ಟ.

ಇದಕ್ಕೆ ಕಾರಣ ಊರಿನ ದಿನಚರಿಯಲ್ಲಿದೆ. ತಾಲ್ಲೂಕು ಕೇಂದ್ರದ ಖಾನಾವಳಿ, ಮಿಲಿಟರಿ ಹೋಟೆಲುಗಳ ದೊಡ್ಡ ಅಡುಗೆ ಮಧ್ಯಾಹ್ನದ್ದು. ಕೋರ್ಟಿಗೆ, ತಾಲ್ಲೂಕು ಕಚೇರಿಗೆ, ಸಂತೆಗೆ ಬಂದವರು ಅಲ್ಲಿ ಉಂಡು, ಸಂಜೆ ಬಸ್ಸು ಹತ್ತುತ್ತಾರೆ. ರಾತ್ರಿಯೂಟ ಅವರಿಗೆ ಮನೆಯದು. ಮುದ್ದೆಯಂತೂ ಮಾಡಿಟ್ಟು ಕಾಯುವ ಪದಾರ್ಥವಲ್ಲ, ಆರಿದರೆ ಬಿರುಸಾಗುತ್ತದೆ. ಎಷ್ಟು ಜನ ಬರುತ್ತಾರೆಂದು ತಿಳಿಯದೆ ರಾತ್ರಿ ಎಸರಿಡಲು ಹೋಟೆಲಿನವರು ಹಿಂಜರಿಯುತ್ತಾರೆ. ಹಾಗಾಗಿ ಊರು ಸೇರಿದ ಕೂಡಲೇ, ಲಾಡ್ಜಿನಲ್ಲಿ ಚೀಲ ಇಳಿಸುವ ಮುಂಚೆಯೇ, ಬಸ್‌ಸ್ಟ್ಯಾಂಡಿನ ಆಸುಪಾಸಿನ ಖಾನಾವಳಿಗೆ ಹೋಗಿ ಕೇಳಬೇಕು: "ಅಕ್ಕಾ, ರಾತ್ರಿಗೆ ಎರಡು ಮುದ್ದೆ ಆಗ್ತದಾ? ಎಂಟು ಗಂಟೆಗೆ ಬರ್ತೀವಿ." ಫೋನ್ ನಂಬರ್ ಕೊಟ್ಟು ಬನ್ನಿ. ಎಲ್ಲಿ ಕೇಳಬೇಕೆಂದು ತಿಳಿಯದಿದ್ದರೆ ಆಟೊ ನಿಲ್ದಾಣದವರು, ಲಾರಿ ಲೋಡು ಮಾಡುವವರು ಸರಿಯಾದ ಜಾಗ ತೋರಿಸುತ್ತಾರೆ. ಅವರು ಹೊರಗೆ ದುಡಿದು ಹೊರಗೇ ಉಣ್ಣುವವರು.

ಊಟ ತಪ್ಪಿಸುವ ಇನ್ನೊಂದು ಸಂಗತಿ ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿರುವುದು ಸುಮ್ಮನೆ ಅಲ್ಲ. ಆಷಾಢದಲ್ಲಿ ಪಡುವಣ ಗಾಳಿ ಹೊಳಲ್ಕೆರೆ ಕಡೆ ಹೋಗುವವರ ಎದೆಗೇ ಬಡಿಯುತ್ತದೆ. ಹೊಸದುರ್ಗದಿಂದ ಹಿರಿಯೂರಿಗೆ ಹೊರಟರೆ ಅದೇ ಗಾಳಿ ಬೆನ್ನು ತಳ್ಳುತ್ತದೆ. ಹೊಳಲ್ಕೆರೆಯ ದಿನ ನಸುಕಿನಲ್ಲೇ ಹೊರಡಿ.

ಸೈಕಲ್ ನಿಲ್ಲಿಸಿದ ಮೊದಲ ಒಂದೆರಡು ಗಂಟೆಯಲ್ಲಿ ಬಳಲಿದ ಸ್ನಾಯುಗಳು ಉಂಡ ಪಿಷ್ಟವನ್ನು ಬೇಗ ಗ್ಲೈಕೋಜನ್ ಮಾಡಿಟ್ಟುಕೊಳ್ಳುತ್ತವೆ. ದುರ್ಗದ ಸಂಜೆಯ ಗಾಡಿಗಳಲ್ಲಿ ಸಿಗುವ ಒಗ್ಗರಣೆ ಮಂಡಕ್ಕಿ ಈ ಹೊತ್ತಿಗೆ ಹೇಳಿ ಮಾಡಿಸಿದ್ದು. ಜೊತೆಗೆ ಮೆಣಸಿನಕಾಯಿ ಬಜ್ಜಿ ಒಂದೇ ಸಾಕು. ಎಣ್ಣೆ ಹೊಟ್ಟೆ ಕಟ್ಟಿದರೆ ಮುದ್ದೆ ಇಳಿಯುವುದಿಲ್ಲ. ಆಮೇಲಿನ ಊಟ ಮೈ ರಿಪೇರಿಯದು. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು, ಅಷ್ಟೇ ರಾಗಿಯಲ್ಲಿ 340 ಮಿ.ಗ್ರಾಂ ಆಸುಪಾಸು ಸುಣ್ಣದ ಅಂಶ ಇದೆ. ಬೆವರಿನಲ್ಲಿ ಹೋದ ಉಪ್ಪನ್ನು ಸಾರು ತುಂಬುತ್ತದೆ. ಮಳೆ ಕಮ್ಮಿಯ ನೆಲ ಬೆಳೆದದ್ದನ್ನೇ ಇಲ್ಲಿನ ದುಡಿಯುವ ಜನ ಉಂಡು ಬಂದಿದ್ದಾರೆ. ದಿನವಿಡೀ ಪೆಡಲ್ ತುಳಿದವರಿಗೂ ಅದು ಒಗ್ಗುತ್ತದೆ.

ಒಂದೊಂದು ಊರಿನಲ್ಲೂ ಕೇಳುವುದು ಬೇರೆ. ಹೊಸದುರ್ಗದಲ್ಲಿ ಸಾಮೆ ಅನ್ನ ಸಿಗುತ್ತದಾ ಎಂದು ವಿಚಾರಿಸಿ, ಆ ತಾಲ್ಲೂಕಿನ ಹೊಲದ ಬೆಳೆ ಅದು. 1907ರ ಹೊತ್ತಿಗೆ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರ, ಜನರ ಬಾಯಲ್ಲಿ ಮಾರಿಕಣಿವೆ, ಹಿರಿಯೂರಿನ ಬರಡು ನೆಲಕ್ಕೆ ತೆಂಗಿನ ತೋಟ ತಂದಿತು. ಅಲ್ಲಿ ಕೆರೆ ಮೀನಿನ ಸಾರು ಕೇಳಬಹುದು.

ಮಠಗಳ ದಾಸೋಹವನ್ನು ಮರೆಯಬೇಡಿ. ಸಿರಿಗೆರೆಯ ತರಳಬಾಳು ಮಠ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ಎರಡೂ ಈ ಸುತ್ತಿನಿಂದ ತುಸು ಪಕ್ಕಕ್ಕೆ ತಿರುಗಿದರೆ ಸಿಗುತ್ತವೆ. ಸಾಣೇಹಳ್ಳಿಯ ನಾಟಕೋತ್ಸವ ಸಾಮಾನ್ಯವಾಗಿ ನವೆಂಬರಿನಲ್ಲಿ. ಆಗ ಹೋದರೆ ಊಟದ ಜೊತೆ ನಾಟಕವೂ ಉಂಟು. ಪಂಕ್ತಿಯಲ್ಲಿ ಕೂತು, ಬಡಿಸಿದ್ದನ್ನು ಬಿಡದೆ ಉಣ್ಣುವುದು ಅಲ್ಲಿನ ಮರ್ಯಾದೆ.

ದಾರಿಯಲ್ಲಿ ಪಂಕ್ಚರ್ ಆಗಿ ಊರು ಸೇರುವುದೇ ತಡವಾದರೆ, ಫೋನಿನಲ್ಲೇ ಊಟ ಹೇಳಿಡಿ. ಹೇಳಿಟ್ಟ ಮೇಲೆ ಬರಲು ಆಗದಿದ್ದರೆ, ಎಸರಿಡುವ ಮುಂಚೆ ತಿಳಿಸಿ.