ನೂರು ಅಡಿಗೆ ಒಂದಡಿ ಏರು

ಅಮೆರಿಕದ ಉಟಾ ರಾಜ್ಯದ ಆಗ್ಡೆನ್ ಊರಿನಿಂದ ಪೂರ್ವಕ್ಕೆ ಹೊರಟ ರೈಲುಹಳಿ ವಾಸಾಚ್ ಬೆಟ್ಟಗಳನ್ನು ಹತ್ತುತ್ತದೆ. ಏರು ನೂರು ಅಡಿಗೆ 1.14 ಅಡಿ. ನಡೆದು ಹೋಗುವವರಿಗೆ ಅದು ಏರು ಅಂತ ಗೊತ್ತಾಗುವುದೂ ಕಷ್ಟ. ಆ ಏರಿಗಾಗಿ ಯೂನಿಯನ್ ಪೆಸಿಫಿಕ್ ಕಂಪನಿ 1941ರಲ್ಲಿ ಮಾಡಿಸಿದ ಉಗಿ ಎಂಜಿನ್ನಿನ ತೂಕ, ಕಲ್ಲಿದ್ದಲು-ನೀರು ಹೊತ್ತ ಟೆಂಡರ್ ಬಂಡಿ ಸೇರಿ, ಸುಮಾರು 540 ಟನ್. ಉದ್ದ 132 ಅಡಿ 9 ಇಂಚು, ಅಂದರೆ ನಮ್ಮ ಹಳೆಯ ನೀಲಿ ಬೋಗಿಗಳಲ್ಲಿ ಎರಡನ್ನು ಜೋಡಿಸಿದರೆ ಅದಕ್ಕಿಂತ ಸ್ವಲ್ಪವೇ ಕಡಿಮೆ. ಸ್ಕನೆಕ್ಟಡಿಯ ಆಲ್ಕೋ ಕಾರ್ಖಾನೆಯಲ್ಲಿ ಯಾರೋ ಕಾರ್ಮಿಕ ಅದರ ಮುಂಭಾಗದಲ್ಲಿ ಸೀಮೆಸುಣ್ಣದಿಂದ ‘ಬಿಗ್ ಬಾಯ್’ ಎಂದು ಬರೆದ. ಬರೆದವನ ಹೆಸರು ಯಾರಿಗೂ ತಿಳಿಯಲಿಲ್ಲ, ಬರೆದ ಹೆಸರು ಉಳಿಯಿತು.

ಈ ಜಾತಿಯ ಎಂಜಿನ್‌ಗಳನ್ನು ಹುಡುಕಿಕೊಂಡು ಹೋದವನು ನಾನು. ವಯೋಮಿಂಗ್‌ನ ಶಯೆನ್ ಊರಿನ ಹಾಲಿಡೇ ಪಾರ್ಕ್‌ನಲ್ಲಿ 4004ನೇ ನಂಬರಿನದು ಬಯಲಲ್ಲೇ ನಿಂತಿದೆ. ಪಕ್ಕಕ್ಕೆ ಹೋಗಿ ನಿಂತರೆ ಮೊದಲು ಕಣ್ಣಿಗೆ ಬೀಳುವುದು ಚಕ್ರ. ಒಂದೊಂದೂ 5 ಅಡಿ 8 ಇಂಚು ಎತ್ತರ. ಎಳೆಯುವ ಚಕ್ರಗಳೇ 16. ಅವನ್ನು ಜೋಡಿಸಿದ ಉಕ್ಕಿನ ರಾಡ್‌ಗಳ ದಪ್ಪ ನೋಡಿದರೆ, ಅವು ಒಂದು ಕಾಲದಲ್ಲಿ ಮೇಲೆ ಕೆಳಗೆ ಕುಣಿಯುತ್ತಿದ್ದವು ಎಂದು ನಂಬುವುದಕ್ಕೇ ಸ್ವಲ್ಪ ಹೊತ್ತು ಬೇಕು.

ಇಷ್ಟು ದೊಡ್ಡದು ಯಾಕೆ ಬೇಕಾಯಿತು? ಆ ಲೆಕ್ಕ ಬಿಡಿಸಿದಾಗ ನನಗೆ ಹುಟ್ಟಿದ ಬೆರಗು ಎಂಜಿನ್ನಿನ ಗಾತ್ರಕ್ಕಿಂತ ದೊಡ್ಡದು. ಕಂಪನಿಗೆ ಬೇಕಾಗಿದ್ದದ್ದು, ಸುಮಾರು 3,260 ಟನ್ನಿನ ಗೂಡ್ಸ್ ಗಾಡಿಯನ್ನು ಇನ್ನೊಂದು ಎಂಜಿನ್ನಿನ ಸಹಾಯವಿಲ್ಲದೆ ಆ ಏರು ಹತ್ತಿಸುವುದು. ಗಾಡಿಗೆ ಎಂಜಿನ್ನಿನ ತೂಕವನ್ನೂ ಸೇರಿಸಿದರೆ 3,800 ಟನ್. ಅದರಲ್ಲಿ ನೂರಕ್ಕೆ 1.14 ಪಾಲು ಎಂದರೆ 43 ಟನ್. ಏರು ಒಂದೇ ಇಷ್ಟು ಬಲದಿಂದ ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದೆ. ಚಕ್ರಗಳ ಉರುಳುವಿಕೆ, ಗಾಳಿ, ತಿರುವುಗಳ ಪ್ರತಿರೋಧ ಬೇರೆ. ಬಿಗ್ ಬಾಯ್‌ನ ಎಳೆತದ ಬಲ 1,35,375 ಪೌಂಡ್, ಸುಮಾರು 61 ಟನ್. ನಮ್ಮ ದೇಶದ ಗೂಡ್ಸ್ ಗಾಡಿಗಳನ್ನು ದಶಕಗಳ ಕಾಲ ಎಳೆದ ಡಬ್ಲ್ಯೂಜಿ ಎಂಜಿನ್ನಿನದು 38,890 ಪೌಂಡ್.

ಇನ್ನು ಉಕ್ಕಿನ ಮೇಲೆ ಉಕ್ಕು ಜಾರುತ್ತದೆ. 61 ಟನ್ ಎಳೆಯಬೇಕಾದರೆ ಎಳೆಯುವ ಚಕ್ರಗಳ ಮೇಲೆ ಅದರ ನಾಲ್ಕು ಪಟ್ಟು ತೂಕ ಕೂರಬೇಕು. ಇಲ್ಲದಿದ್ದರೆ ಚಕ್ರ ನಿಂತಲ್ಲೇ ಗಿರ್ರನೆ ತಿರುಗುತ್ತದೆ. ನಾಲ್ಕು ಪಟ್ಟು ಎಂದರೆ 245 ಟನ್. ಒಂದು ಅಚ್ಚಿಗೆ ಮೂವತ್ತು ಟನ್ನಿನಷ್ಟು ಹೊರಿಸಿದರೂ ಎಂಟು ಅಚ್ಚು ಬೇಕು. ಎಂಟನ್ನೂ ಒಂದೇ ಚೌಕಟ್ಟಿಗೆ ಬಿಗಿದರೆ ತಿರುವಿನಲ್ಲಿ ಹಳಿ ಕಿತ್ತುಬರುತ್ತದೆ. ಅದಕ್ಕೇ ನಾಲ್ಕು-ನಾಲ್ಕು ಅಚ್ಚುಗಳ ಎರಡು ಎಂಜಿನ್‌ಗಳನ್ನು ಒಂದೇ ಬಾಯ್ಲರ್ ಅಡಿಯಲ್ಲಿ ಇಟ್ಟರು. ಹಿಂದಿನದು ಬಾಯ್ಲರ್‌ಗೆ ಭದ್ರ, ಮುಂದಿನದು ಕೀಲಿನ ಮೇಲೆ ತಿರುಗುತ್ತದೆ. ತಿರುವಿನಲ್ಲಿ ಕೆಳಗಿನ ಚಕ್ರಗಳು ಒಂದು ಕಡೆ ಹೊರಳಿದರೆ ಬಾಯ್ಲರ್‌ನ ಮೂತಿ ಹಳಿಯ ಹೊರಗೆ ಚಾಚಿಕೊಳ್ಳುತ್ತದೆ.

ಸಿಲಿಂಡರ್ ನಾಲ್ಕು, ಒಂದೊಂದರ ವ್ಯಾಸ 23¾ ಇಂಚು. ಉಗಿಯ ಒತ್ತಡ ಚದರ ಇಂಚಿಗೆ 300 ಪೌಂಡ್. ಒಂದು ಪಿಸ್ಟನ್ನಿನ ಮೇಲೆ ಆ ಒತ್ತಡ ಪೂರ್ತಿ ಬಿದ್ದರೆ 60 ಟನ್ ಬಲ. ಅಷ್ಟು ಉಗಿ ಹುಟ್ಟಿಸುವ ಬೆಂಕಿಯ ಹಾಸು 150 ಚದರ ಅಡಿ. ನಮ್ಮ ಮನೆಗಳ ಹತ್ತು-ಹದಿನೈದರ ಮಲಗುವ ಕೋಣೆಯ ನೆಲವೆಲ್ಲ ಕೆಂಡವಾಗಿರುವುದನ್ನು ಊಹಿಸಿಕೊಳ್ಳಿ. ಪೂರ್ಣ ಶಕ್ತಿಯಲ್ಲಿ ಓಡುವಾಗ ಗಂಟೆಗೆ ಸುಮಾರು 10 ಟನ್ ಕಲ್ಲಿದ್ದಲು ಬೇಕು, ಸೆಕೆಂಡಿಗೆ ಎರಡೂಮುಕ್ಕಾಲು ಕಿಲೋ. ಸಲಿಕೆ ಹಿಡಿದ ಯಾವ ಫೈರ್‌ಮನ್‌ಗೂ ಅದು ಆಗದ ಕೆಲಸ. ಟೆಂಡರ್‌ನಿಂದ ಒಲೆಯವರೆಗೆ ತಿರುಪಿನ ಯಂತ್ರವೊಂದು ಕಲ್ಲಿದ್ದಲನ್ನು ನೂಕುತ್ತಿತ್ತು. 90,000 ಲೀಟರಿನಷ್ಟು ನೀರು ಎರಡು ಗಂಟೆಯಲ್ಲಿ ಖಾಲಿ. ಇಷ್ಟೆಲ್ಲ ಸುಟ್ಟು ಗಾಡಿ ಎಳೆಯಲು ದಕ್ಕುತ್ತಿದ್ದದ್ದು ಕಲ್ಲಿದ್ದಲಿನ ಶಕ್ತಿಯಲ್ಲಿ ಹತ್ತನೇ ಒಂದು ಪಾಲೂ ಅಲ್ಲ, ಉಳಿದದ್ದೆಲ್ಲ ಗಾಳಿಗೆ. ಡೀಸೆಲ್ ಬಂದ ಮೇಲೆ ಉಗಿ ಯಾಕೆ ಸೋತಿತು ಎನ್ನುವುದಕ್ಕೆ ಈ ಒಂದು ಲೆಕ್ಕ ಸಾಕು. ಸೋತದ್ದಕ್ಕೆ ನನಗೆ ಈಗಲೂ ದುಃಖವಿದೆ.

1941ರಲ್ಲಿ 20, 1944ರಲ್ಲಿ 5, ಒಟ್ಟು 25 ಬಿಗ್ ಬಾಯ್‌ಗಳು ಹುಟ್ಟಿದವು. ಎಂಟು ಉಳಿದಿವೆ. ಓಡುವುದು ಒಂದೇ, 4014. ಮೊದಲ ಸೇವೆಯಲ್ಲಿ ಅದು ಕ್ರಮಿಸಿದ್ದು 10,31,205 ಮೈಲಿ. ಭೂಮಿಗೆ 41 ಸುತ್ತು. ಚಕ್ರದ ಸುತ್ತಳತೆಯಿಂದ ಭಾಗಿಸಿ ನೋಡಿದೆ: ಒಂದೊಂದು ಚಕ್ರವೂ 30 ಕೋಟಿ ಬಾರಿಗಿಂತ ಹೆಚ್ಚು ತಿರುಗಿದೆ! ಗಂಟೆಗೆ 65 ಕಿಲೋಮೀಟರ್ ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 200 ಸುತ್ತು ಹಾಕುತ್ತದೆ. ಒಂದು ಸುತ್ತಿಗೆ ಎರಡೂ ಎಂಜಿನ್‌ಗಳಿಂದ ಎಂಟು ಉಸಿರು. ಸೆಕೆಂಡಿಗೆ ಸುಮಾರು 27 ಬಡಿತ. ಎರಡಕ್ಕೂ ತಮ್ಮತಮ್ಮದೇ ನಡೆ ಇರುವುದರಿಂದ ಬಡಿತಗಳು ಒಮ್ಮೆ ಒಂದಾಗುತ್ತವೆ, ಮತ್ತೆ ಬೇರೆಯಾಗುತ್ತವೆ.

1959ರಲ್ಲಿ ದುಡಿಮೆ ನಿಲ್ಲಿಸಿದ 4014 ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ಪ್ರದರ್ಶನಕ್ಕೆ ನಿಂತಿತ್ತು. 2013ರಲ್ಲಿ ಯೂನಿಯನ್ ಪೆಸಿಫಿಕ್ ಅದನ್ನು ವಾಪಸ್ ಪಡೆಯಿತು. ಹೊರಗೆ ತರಲು ಹಳಿಯೇ ಇರಲಿಲ್ಲ. ವಾಹನ ನಿಲ್ಲಿಸುವ ಜಾಗದ ಮೇಲೆ ತಾತ್ಕಾಲಿಕ ಹಳಿ ಹಾಸಿ, ಎಂಜಿನ್ ಮುಂದೆ ಸರಿದಂತೆ ಹಿಂದಿನ ತುಂಡುಗಳನ್ನು ಎತ್ತಿ ಮುಂದೆ ಜೋಡಿಸುತ್ತ ಎಳೆದರು. ಶಯೆನ್‌ನ ಕಾರ್ಖಾನೆಯಲ್ಲಿ ಬಿಚ್ಚಿ, ದುರಸ್ತಿ ಮಾಡಿ, ಕಲ್ಲಿದ್ದಲಿನ ಬದಲು ಎಣ್ಣೆ ಉರಿಯುವಂತೆ ಬದಲಿಸಿದರು. ಖಂಡದ ಉದ್ದಕ್ಕೂ ಹಳಿ ಕೂಡಿದ 150ನೇ ವರ್ಷ, 2019ರ ಮೇ ತಿಂಗಳಲ್ಲಿ, ಅದು ಸ್ವಂತ ಉಗಿಯಿಂದ ಆಗ್ಡೆನ್‌ಗೆ ಹೋಯಿತು. ಈಗ ದಾರಿಯಲ್ಲಿ ನೀರು ತುಂಬುವ ಕಂಬಗಳಿಲ್ಲ, ಹೆಚ್ಚುವರಿ ನೀರಿನ ಟೆಂಡರ್‌ಗಳನ್ನು ಬೆನ್ನಿಗೆ ಕಟ್ಟಿಕೊಂಡೇ ಹೊರಡಬೇಕು.

ಡೆನ್ವರ್ ಕಡೆ ಮಕ್ಕಳೋ ನೆಂಟರೋ ಇರುವವರು ಅಲ್ಲಿಗೆ ಹೋದಾಗ ಒಂದು ದಿನ ಇದಕ್ಕೆ ಎತ್ತಿಡಿ. ಊರೊಳಗೇ ಫಾರ್ನಿ ಮ್ಯೂಸಿಯಂನಲ್ಲಿ 4005 ಇದೆ. ಶಯೆನ್‌ಗೆ ಕಾರಿನಲ್ಲಿ ಎರಡು ಗಂಟೆಯೂ ಬೇಡ. 4014 ಓಡುವ ದಿನಗಳನ್ನು ಕಂಪನಿ ಮೊದಲೇ ತಿಳಿಸುತ್ತದೆ. ಮಕ್ಕಳನ್ನು ಕರೆದೊಯ್ಯಿರಿ, ಹಳಿಯಿಂದ ದೂರವೇ ನಿಲ್ಲಿಸಿ, ಸೀಟಿ ಕೂಗುವ ಮುಂಚೆ ಅವರ ಕಿವಿ ಮುಚ್ಚಿ.